ಪ್ಲೇಟಿನೊಳಗಿನ ‘ವ್ಹಾ’

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಒಗ್ಗರಣೆ ಹಾಕುವಂತಿಲ್ಲ. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಮಿಕ್ಸರಿನ ಸುದ್ದಿಯಂತೂ ಎತ್ತಲೇಬಾರದು. ಸೀಲಿಂಗ್ ಫ್ಯಾನಿಗೆ ಸಣ್ಣದೊಂದು ಕೀರಲು ದನಿ ಇರುವುದರಿಂದ ಮೇ ತಿಂಗಳ ಸೆಕೆಯಲ್ಲೂ ಅದು ಬಂದ್. ಯಾರಾದರೂ ತೀರಿಹೋದರೇ ಎಂದು ಕೇಳಬೇಡಿ. ನಮ್ಮ ಮನೆಯವರು ಹಾಡು ಕೇಳುತ್ತಿರುತ್ತಾರೆ.

ನಮ್ಮ ಮನೆಯವರು ಅಂದರೆ ನನ್ನ ಗಂಡ. ನಾವು ಕಲಬುರಗಿ ಕಡೆಯವರು, ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದಿದೆ. ತಾರ್ನಾಕದಲ್ಲಿ ಮೊದಲ ಮಹಡಿಯ ಮನೆ. ನಾನು ಉಪ್ಪಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ತೆಲುಗು ಮಿಶ್ರಿತ ಇಂಗ್ಲಿಷಿನಲ್ಲಿ ಗಣಿತ ಕಲಿಸಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಸಿಟ್ಟು ಮಾಡುತ್ತೇನೆ. ಅವರು ಸಿಮೆಂಟ್ ಕಂಪನಿಯೊಂದರ ಡಿಪೋ ನೋಡಿಕೊಳ್ಳುತ್ತಿದ್ದರು. ಕೆಲಸದಲ್ಲಿದ್ದಷ್ಟು ದಿನ ಲಾರಿಗಳ ಹಾರ್ನು, ಹಮಾಲರ ಕೂಗು, ಫೋನಿನಲ್ಲಿ ಜಗಳ. ನಿವೃತ್ತರಾದದ್ದೇ ತಡ, ಆ ಮನುಷ್ಯನ ಕಿವಿ ಎಷ್ಟು ನಾಜೂಕಾಯಿತೆಂದರೆ ನಾನು ಪಕ್ಕದ ಕೋಣೆಯಲ್ಲಿ ಸಂಡಿಗೆ ತಿಂದರೂ ಅವರಿಗೆ ತೊಂದರೆ.

ಇದಕ್ಕೆಲ್ಲ ಮೂಲ ಆಬಿಡ್ಸ್‌ನ ಭಾನುವಾರದ ಫುಟ್‌ಪಾತು ಸಂತೆ. ಹಳೆಯ ಪುಸ್ತಕ ನೋಡುತ್ತೇನೆಂದು ಹೋದವರು ಆಟೋದಲ್ಲಿ ಒಂದು ರೆಕಾರ್ಡ್ ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಮಾರುವವನು “ಯೇ ಆವಾಜ್ ಫೋನ್ ಮೇ ನೈ ಮಿಲ್ತೀ ಸಾಬ್”, ಈ ದನಿ ಫೋನಿನಲ್ಲಿ ಸಿಗುವುದಿಲ್ಲ, ಅಂದನಂತೆ. ಅದು ನಿಜವೇ ಆಯಿತು. ಫೋನಿನಲ್ಲಿ ಅಷ್ಟೊಂದು ಚಟಪಟ ಸದ್ದು ನಾನು ಎಂದೂ ಕೇಳಿಲ್ಲ. ಅಲ್ಲಿಂದ ಮುಂದೆ ವಾರಕ್ಕೊಂದರಂತೆ ಪ್ಲೇಟುಗಳು ಬಂದವು. ರೆಕಾರ್ಡಿಗೆ ನಮ್ಮ ಕಡೆ ಪ್ಲೇಟು ಅಂತಲೇ ಅನ್ನುತ್ತಾರೆ, ಹಾಡು ‘ಹಚ್ಚುವುದು’ ಎನ್ನುತ್ತಾರೆ. ನನ್ನ ಬೆಳ್ಳಿ ಸಾಮಾನಿನ ಕಪಾಟಿನಲ್ಲಿದ್ದ ಲೋಟ, ತಟ್ಟೆಗಳು ಅಟ್ಟ ಸೇರಿ, ಪ್ಲೇಟುಗಳು ಅಲ್ಲಿ ಸಾಲಾಗಿ ನಿಂತವು. ಅವನ್ನು ಮುಟ್ಟುವ ಮುಂಚೆ ಹೆಂಗಸರು ಬಳೆ ತೆಗೆದಿಡಬೇಕು ಎನ್ನುವ ಕಾನೂನೂ ಬಂತು. ಬಳೆ ತಾಗಿದರೆ ಗೀರು ಬೀಳುತ್ತದಂತೆ. ನಾನು ಬಳೆಯನ್ನೂ ತೆಗೆಯಲಿಲ್ಲ, ಪ್ಲೇಟನ್ನೂ ಮುಟ್ಟಲಿಲ್ಲ.

ಅವರ ಜೊತೆ ಕೇಳುವುದಕ್ಕೆ ಕೆಳಗಿನ ಮನೆಯ ಪ್ರೊಫೆಸರು ಬರುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ನಿವೃತ್ತರಾದ ತೆಲುಗಿನವರು, ಒಂಟಿ ಜೀವ, ತರುಣರಿದ್ದಾಗ ಯುರೋಪಿನಲ್ಲಿ ಓದಿ ಬಂದವರು. ಅವರ ಹತ್ತಿರ ಪಶ್ಚಿಮದ ವಾದ್ಯಮೇಳದ ಪ್ಲೇಟುಗಳಿದ್ದವು. ಒಂದು ಭಾನುವಾರ ನಮ್ಮ ಹಿಂದೂಸ್ತಾನಿ, ಇನ್ನೊಂದು ಭಾನುವಾರ ಅವರ ಪಿಟೀಲು, ಕಹಳೆ. ಇಬ್ಬರೂ ಎದುರುಬದುರು ಕುಳಿತು ಕಣ್ಣು ಮುಚ್ಚಿಬಿಟ್ಟರೆ ಎದ್ದಿದ್ದಾರೋ ಮಲಗಿದ್ದಾರೋ ಎಂದು ಹೇಳುವುದು ಕಷ್ಟ. ಚಹಾ ತಂದಿಟ್ಟಾಗ ಕೈ ಮುಂದೆ ಬಂದರೆ ಎದ್ದಿದ್ದಾರೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ನಮ್ಮ ಮನೆಯವರ ಕಣ್ಣಿನ ಗೊಂಬೆಯಂತಹ ಪ್ಲೇಟು ಒಂದಿತ್ತು. ಎಂದೋ ಯಾವುದೋ ಊರಿನ ಕಛೇರಿಯಲ್ಲಿ ಜನರೆದುರು ಹಾಡಿದ್ದನ್ನೇ ನೇರವಾಗಿ ಹಿಡಿದದ್ದು. ಹಾಡುವವರು ಒಂದು ಕಡೆ ಮೇಲಿನ ಸ್ವರಕ್ಕೆ ಹೋಗಿ, ಅಲ್ಲಿ ನಿಂತು, ಇನ್ನೇನು ಇಳಿಯಬೇಕು ಎನ್ನುವಾಗ ಮುಂದಿನ ಸಾಲಿನಿಂದ ಯಾರೋ ಒಬ್ಬ ಗಂಡಸು “ವ್ಹಾ!” ಎನ್ನುತ್ತಾನೆ. ಅಷ್ಟೇ. ಅವನು ಯಾರೋ ಏನೋ, ಬದುಕಿದ್ದಾನೋ ಇಲ್ಲವೋ. ಆ ಒಂದು ‘ವ್ಹಾ’ಕ್ಕಾಗಿ ನಮ್ಮ ಮನೆಯವರು ಇಡೀ ಪ್ಲೇಟು ಕಾಯುತ್ತಿದ್ದರು. ಅದು ಹತ್ತಿರ ಬಂದಂತೆ ತೋರುಬೆರಳು ಮೇಲೆತ್ತಿ “ಈಗ, ಈಗ ನೋಡ್ರಿ” ಎನ್ನುತ್ತಿದ್ದರು. ‘ವ್ಹಾ’ ಬಂದ ಮೇಲೆ ತಾವೇ ಅಂದವರಂತೆ ಹಿಂದಕ್ಕೆ ಒರಗಿ ಉಸಿರು ಬಿಡುತ್ತಿದ್ದರು. “ಕೇಳಿದ್ರೇನು? ಇದಕ್ಕ ದಾದ್ ಕೊಡೂದು ಅಂತಾರ. ಕೇಳಾವ್ರು ಹಿಂಗಿರಬೇಕು” ಎಂದು ಪ್ರೊಫೆಸರಿಗೆ ಹಿಂದಿಯಲ್ಲಿ ಒಮ್ಮೆ, ನನಗೆ ಕನ್ನಡದಲ್ಲಿ ಒಮ್ಮೆ ಹೇಳುತ್ತಿದ್ದರು.

ಹೀಗಿರುವಾಗ ಅಕ್ಕ ಬಂದರು. ಅಕ್ಕ ಅಂದರೆ ಇವರ ಅಕ್ಕ, ನನ್ನ ನಾದಿನಿ. ಎಪ್ಪತ್ತು ದಾಟಿದವರು. ಕಲಬುರಗಿಯಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣಿನ ಪೊರೆ ತೆಗೆಸಲು ಹೈದರಾಬಾದಿಗೆ ಕರೆತಂದೆವು. ತೆಗೆಸಿದ್ದಾಯಿತು, ಎರಡೂ ಕಣ್ಣು ಲಕಲಕ ಹೊಳೆದವು. ಹೊರಡುವ ಮಾತು ಬಂದಾಗ ನಾನೇ ಬೇಡ ಅಂದೆ. ಗಂಡನ ಮನೆಯವರನ್ನು ಯಾರಾದರೂ ತಡೆದು ನಿಲ್ಲಿಸಿಕೊಳ್ಳುತ್ತಾರೆಯೇ ಎಂದು ನನ್ನ ಶಾಲೆಯ ಗೆಳತಿಯರು ನಕ್ಕರು. ಆದರೆ ಅಕ್ಕ ಮನೆಯಲ್ಲಿದ್ದರೆ ನನಗೆ ಸಂಜೆ ಬಾಗಿಲು ತೆರೆಯುವುದಕ್ಕೆ ಒಂದು ಮುಖ, ಗಂಡನ ಮೇಲೆ ಚಾಡಿ ಹೇಳುವುದಕ್ಕೆ ಒಂದು ಕಿವಿ. ಅಕ್ಕನಿಗೂ ಇಲ್ಲಿ ಇರುವ ಮನಸ್ಸಿತ್ತು. “ಅಲ್ಲಿ ಮಗನ ಮನ್ಯಾಗ ಹಗಲೆಲ್ಲಾ ಟಿವಿ. ಇಲ್ಲಿ ತಮ್ಮನ ಕಡೆ ಹಾಡರ ಅದಾವು” ಅಂದರು. ಆ ಹಾಡೇ ಮುಂದೆ ಜಗಳಕ್ಕೆ ಕಾರಣವಾಗುತ್ತದೆಂದು ನಮಗೆ ಹೊಳೆಯಲಿಲ್ಲ.

ಅಕ್ಕ ಕಣ್ಣು ಮುಚ್ಚಿ ಕೇಳುವವರಲ್ಲ. ಮೊದಲ ಭಾನುವಾರವೇ ಅದು ಗೊತ್ತಾಯಿತು. ಇವರು ಸೂಜಿ ಇಟ್ಟರು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ, ಹಾಡುವವರು ಎದುರಿಗೇ ಕುಳಿತಿದ್ದಾರೆ ಎನ್ನುವಂತೆ ಅವರ ಜೊತೆ ಮಾತಿಗಿಳಿದರು. “ಬಾ, ಬಾ, ಅವಸರ ಮಾಡಬ್ಯಾಡ” ಅಂದರು. “ಹಾಂ, ಈಗ ಬಂತು ನೋಡು ದಾರೀಗೆ.” ಒಂದು ಕಡೆ ಹಾಡುಗಾರರು ಸ್ವಲ್ಪ ಎಳೆದಾಡಿದರೆ “ಸಾಕು, ಮುಂದ ನಡಿ.” ಇನ್ನೊಂದು ಕಡೆ ಎದೆ ತುಂಬಿ ಜೋರಾಗಿ “ಭಲೇ!” ಇವರು ಕುರ್ಚಿಯಿಂದ ಅರ್ಧ ಎದ್ದು ಬಾಯಿಗೆ ಬೆರಳಿಟ್ಟು “ಶ್ಶ್!” ಅಂದರು. ಪ್ರೊಫೆಸರು ಬೆಚ್ಚಿ ಕಣ್ಣುಬಿಟ್ಟರು. ಅವರು ಮಲಗಿದ್ದರೆಂದು ಅಂದು ಪತ್ತೆಯಾಯಿತು.

“ಅಕ್ಕಾ, ಪ್ಲೇಟ್ ಹಚ್ಚಿದಾಗ ಮಾತಾಡಬಾರದು.”

“ನಾ ಎಲ್ಲಿ ಮಾತಾಡಿದ್ನೋ ತಮ್ಮಾ? ದಾದ್ ಕೊಟ್ನಿ.”

“ಅವ್ರಿಗೆ ಕೇಳಸಂಗಿಲ್ಲ. ಅವ್ರು ಹೋಗಿ ಎಷ್ಟೋ ವರ್ಷಾತು.”

“ಪ್ಲೇಟಿನ್ಯಾಗಿನಾಂವ ವ್ಹಾ ಅಂದ್ರ ಬೆರಳ ಎತ್ತಿ ತೋರಸ್ತಿ. ನಾ ಅಂದ್ರ ಬೆರಳ ಬಾಯಿಗೆ ಇಟ್ಕೊತಿ. ಆಂವ ಏನ್ ನಿನ್ನ ಮಾವ?”

ನಾನು ಅಡುಗೆಮನೆಗೆ ಓಡಿಹೋಗಿ ನಕ್ಕೆ. ಕಾನೂನು ಮಾತ್ರ ಬದಲಾಗಲಿಲ್ಲ. ಒಗ್ಗರಣೆ, ಸೀಟಿ, ಫ್ಯಾನು, ಈಗ ಅಕ್ಕ. ಒಗ್ಗರಣೆಯ ವಿಷಯದಲ್ಲೂ ಅಕ್ಕ ನನ್ನ ಪರವಾಗಿ ವಾದಿಸಿದರು. “ನಿನ್ನ ಪ್ಲೇಟಿನ್ಯಾಗ ಮೊದಲಿಂದ ಕಡೀತನಾ ಸಾಸ್ವಿ ಸಿಡ್ಯಾಕತ್ತೈತಿ. ಆಕೀದೊಂದು ಒಗ್ಗರಣಿ ಭಾರ ಆತೇನು ನಿನಗ?” ಎಂದು ಕೇಳಿದರು. ಇವರು ಅದಕ್ಕೆ ಮುಖ ಗಂಟಿಕ್ಕಿಕೊಂಡು ಸೂಜಿಯ ಧೂಳು ಒರೆಸಿದರು.

ಅಕ್ಕ ಬಾಯಿ ಬಿಗಿಹಿಡಿಯಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು ಎಂದೇ ಹೇಳಬೇಕು. ಬಾಯಿಗೆ ಯಾಲಕ್ಕಿ ಹಾಕಿಕೊಂಡು ಕೂಡುತ್ತಿದ್ದರು. ಆದರೂ ಹಾಡು ಕಾವೇರಿದಾಗ ಯಾಲಕ್ಕಿಯ ಸಮೇತ ‘ವ್ಹಾ’ ಹೊರಗೆ ಬಂದುಬಿಡುತ್ತಿತ್ತು. ಇವರು ಶ್ಶ್ ಅನ್ನುವುದು, ಅಕ್ಕ ತಲೆ ತಗ್ಗಿಸುವುದು, ಮತ್ತೆ ಸ್ವಲ್ಪ ಹೊತ್ತಿಗೆ ಅದೇ. ನನಗಂತೂ ಹಾಡಿಗಿಂತ ಇದೇ ಹೆಚ್ಚು ರುಚಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಪ್ರೊಫೆಸರು ಒಂದು ಸಂಜೆ ಪಾಸುಗಳನ್ನು ಹಿಡಿದುಕೊಂಡು ಮೇಲೆ ಬಂದರು. ಮಾದಾಪುರದ ದೊಡ್ಡ ಸಭಾಂಗಣದಲ್ಲಿ ಪರದೇಶದ ಆರ್ಕೆಸ್ಟ್ರಾ ಬರುತ್ತಿದೆ, ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ನುಡಿಸುತ್ತಾರೆ, ನೀವು ಮೂವರೂ ಬರಲೇಬೇಕು ಎಂದರು. ಅವರು ಸಂಘಟಕರ ಸ್ನೇಹಿತರಾದ್ದರಿಂದ ಮುಂದೆ ಕೂಡುವವರು, ನಮಗೆ ಹಿಂದೆ ಜಾಗ. ಇವರ ಸಂಭ್ರಮ ನೋಡಬೇಕಿತ್ತು. ಇಷ್ಟು ದಿನ ಪ್ಲೇಟಿನಲ್ಲಿ ಕೇಳಿದ್ದನ್ನು ಕಣ್ಣಾರೆ ನೋಡುವುದು! ಪ್ರೊಫೆಸರಿಂದ ನಡೆ ನುಡಿಯ ಪಾಠ ಹೇಳಿಸಿಕೊಂಡು, ಅದನ್ನು ಮೆಟ್ರೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅಕ್ಕನಿಗೆ ಒಪ್ಪಿಸಿದರು.

“ನಾಕು ಭಾಗ ಇರ್ತಾವ. ನಡುವ ನಡುವ ನಿಲ್ಲಸ್ತಾರ. ಮುಗೀತು ಅಂತ ತಿಳ್ಕೊಂಡು ಚಪ್ಪಾಳಿ ಬಡೀಬಾರದು.”

“ನಿಂತಾಗ ಸುಮ್ಮನ ಕೂಡೂದು?”

“ಹೂಂ. ಕೆಮ್ಮೂದೂ ಮೆತ್ತಗ.”

“ಹಂಗಾರ ಚಂದ ಬಾರಿಸಿದ್ವಿ ಅಂತ ಅವ್ರಿಗೆ ಹೆಂಗ ತಿಳೀಬೇಕು?”

“ಕಡೀಗೆ ತಿಳೀತೈತಿ.”

“ಅಲ್ಲೀತನಾ ಪಾಪ ಹೆದರ್ಕೊಂತ ಬಾರಸಬೇಕೇನು?”

ಅಮೀರ್‌ಪೇಟೆ ಬಂತು, ಜನ ನುಗ್ಗಿದರು, ಮಾತು ನಿಂತಿತು. ಇಳಿಯುವ ಮುಂಚೆ ಇವರು ಕೊನೆಯ ಎಚ್ಚರಿಕೆ ಕೊಟ್ಟರು. “ಏನರ ಆಗ್ಲಿ, ನೀ ಇವತ್ತ ಬಾಯಿ ತೆಗೀಬ್ಯಾಡ ಅಕ್ಕಾ. ನನ್ನ ಮರ್ಯಾದಿ ಪ್ರಶ್ನೆ ಐತಿ.” ಅಕ್ಕ ತಲೆಯಾಡಿಸಿ ಸೆರಗಿನ ತುದಿಯಿಂದ ಯಾಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡರು.

ಸಭಾಂಗಣದಲ್ಲಿ ದೀಪ ಮಂಕಾಯಿತು. ಕರಿ ಬಟ್ಟೆಯವರು ಬಂದು ಸಾಲುಸಾಲಾಗಿ ಕುಳಿತರು. ಒಬ್ಬರು ಒಂದು ಸ್ವರ ಎತ್ತಿದರು, ಉಳಿದವರೆಲ್ಲ ಅದನ್ನೇ ಹಿಡಿದು ಕುಯ್ಯೋ ಎಂದರು. ಇವರು ತಕ್ಷಣ ಕಣ್ಣು ಮುಚ್ಚಿ ತಲೆದೂಗಲು ಶುರುಮಾಡಿದರು. ನನಗೂ ಅದು ಹೀಗೇ ಇರಬೇಕು ಅನ್ನಿಸಿತು, ಪಶ್ಚಿಮದವರ ರುಚಿ ಯಾರಿಗೆ ಗೊತ್ತು. ಅಕ್ಕ ನನ್ನ ಕಡೆ ಬಗ್ಗಿ ಕಿವಿಯಲ್ಲಿ ಉಸುರಿದರು: “ಸುರ ಹಚ್ಚಾಕತ್ತಾರವಾ. ಇನ್ನೂ ಚಾಲೂ ಆಗಿಲ್ಲ.” ಪ್ಲೇಟಿನಲ್ಲಿ ಸುರ ಹಚ್ಚುವ, ಅಂದರೆ ಶ್ರುತಿ ಕೂಡಿಸಿಕೊಳ್ಳುವ ಭಾಗ ಇರುವುದಿಲ್ಲ, ಅದನ್ನು ಕತ್ತರಿಸಿ ಬಿಸಾಕಿರುತ್ತಾರೆ. ಬರೀ ಪ್ಲೇಟು ಕೇಳಿ ಪಂಡಿತರಾದ ಇವರಿಗೆ ಅದು ಗೊತ್ತಿರಲಿಲ್ಲ. “ಅವ್ರಿಗೆ ಹೇಳ್ರಿ ಅಕ್ಕಾರ” ಅಂದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಬಾಯಿ ತೆಗೆಯಬಾರದೆಂದು ಹುಕುಂ ಆಗಿದೆಯಲ್ಲ ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಕುಯ್ಯೋ ನಿಂತಿತು. ಕೋಲು ಹಿಡಿದ ಮುಖ್ಯಸ್ಥ ವೇದಿಕೆಗೆ ಬಂದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಇವರು ಮಾತ್ರ ಕೈ ಕಟ್ಟಿಕೊಂಡು ಸುತ್ತಲೂ ನೋಡಿ ಮುಖ ಸಿಂಡರಿಸಿದರು. “ನೋಡು, ಮೊದಲನೇ ಭಾಗ ಮುಗದಕೂಡ್ಲೆ ಚಪ್ಪಾಳಿ ಬಡ್ಯಾಕತ್ತಾರ. ಹೈದರಾಬಾದಿನ ಮಂದೀಗೆ ರೀತಿನೇ ಗೊತ್ತಿಲ್ಲ” ಎಂದು ನನ್ನ ಮುಂದೆ ಒಂದು ಬೆರಳು ತೋರಿಸಿದರು. ಒಂದು ಮುಗಿಯಿತು ಎಂದು ಅರ್ಥ. ಗಣಿತ ಕಲಿಸುವವಳಾಗಿ ನಾನು ಅಲ್ಲೇ ತಿದ್ದಬೇಕಿತ್ತು. ತಿದ್ದಲಿಲ್ಲ, ಮುಂದೆ ಏನಾಗುತ್ತದೆ ನೋಡೋಣ ಎನ್ನುವ ಕುತೂಹಲ.

ನಿಜವಾದ ಮೊದಲ ಭಾಗ ಮುಗಿದು ಎರಡನೆಯದು ಬಂತು. ಅದು ನಿಧಾನದ್ದು. ಪಿಟೀಲಿನವರೆಲ್ಲ ದನಿ ತಗ್ಗಿಸಿ ಹಿಂದೆ ಸರಿದಂತೆ ಆಗಿ, ಶಹನಾಯಿಯ ತಂಗಿಯಂತಿದ್ದ ಒಂದು ಕರಿ ಕೊಳವೆ ಒಂಟಿಯಾಗಿ ಹಾಡತೊಡಗಿತು. ನುಡಿಸುತ್ತಿದ್ದವನು ಬಕ್ಕತಲೆಯ ಒಬ್ಬ ದಪ್ಪ ಮನುಷ್ಯ. ನನಗೆ ಸಂಗೀತ ತಿಳಿಯುವುದಿಲ್ಲ. ಆದರೆ ಆ ಎರಡು ನಿಮಿಷ ನಾನು ಮರುದಿನದ ಇಡ್ಲಿ ಹಿಟ್ಟನ್ನು ಮರೆತಿದ್ದೆ, ಅದು ನನ್ನ ಮಟ್ಟಿಗೆ ದೊಡ್ಡ ಮಾತು. ಅವನು ಒಂದು ಸ್ವರವನ್ನು ಎಳೆದು, ಎಳೆದು, ಇನ್ನು ಉಸಿರು ಮುಗಿಯಿತು ಅನ್ನುವಾಗ ಅಲ್ಲಿಂದಲೇ ಸಣ್ಣಗೆ ಒಂದು ತಿರುವು ಕೊಟ್ಟು ಕೆಳಗಿಳಿದ. ಇಡೀ ಸಭೆ ಉಸಿರು ಹಿಡಿದಿತ್ತು.

“ವ್ಹಾರೇ ನನ ಮಗನ!” ಅಂದರು ಅಕ್ಕ.

ಸಭಾಂಗಣ ಕಟ್ಟಿದವರು ಬಹಳ ಚೆನ್ನಾಗಿ ಕಟ್ಟಿದ್ದರು. ಮಾತು ಹೋಗಿ ಎದುರಿನ ಗೋಡೆಗೆ ಬಡಿದು, ಸ್ಪಷ್ಟವಾಗಿ, ಕಲಬುರಗಿಯ ಕನ್ನಡದಲ್ಲೇ ವಾಪಸು ಬಂತು. ಸಾಲುಸಾಲು ತಲೆಗಳು ನಮ್ಮ ಕಡೆ ತಿರುಗಿದವು. ಇವರು ಕುರ್ಚಿಯಲ್ಲಿ ಜಾರುತ್ತ ಜಾರುತ್ತ ಎಷ್ಟು ಕೆಳಗೆ ಹೋದರೆಂದರೆ ಗಲ್ಲ ಹೊಟ್ಟೆಗೆ ತಾಗಿತು. ಅದಕ್ಕೇ ನಾನು ನೋಡಿದ್ದನ್ನು ಅವರು ನೋಡಲಿಲ್ಲ. ಆ ಬಕ್ಕತಲೆಯವನು ಕೊಳವೆಯನ್ನು ತುಟಿಯಿಂದ ಇಳಿಸಿ, ನಮ್ಮ ಕತ್ತಲೆಯ ಕಡೆ ಒಮ್ಮೆ ನೋಡಿ, ಹುಬ್ಬು ಎತ್ತಿ ಸಣ್ಣಗೆ ನಕ್ಕ. ಕೋಲು ಹಿಡಿದವನು ಕಣ್ಣು ಬಿಟ್ಟದ್ದಕ್ಕೆ ಮತ್ತೆ ಗಂಭೀರನಾದ.

ಕಥೆ ಅಲ್ಲಿಗೆ ಮುಗಿದಿದ್ದರೂ ನಡೆಯುತ್ತಿತ್ತು. ಆದರೆ ಇವರ ಲೆಕ್ಕ ಬಾಕಿ ಇತ್ತು. ಮೂರನೆಯ ಭಾಗ ಡೋಲು, ಕಹಳೆಗಳ ಸಮೇತ ದಡಬಡ ಎಂದು ಮುಗಿಯಿತು. ಇವರ ಎಣಿಕೆಯಲ್ಲಿ ನಾಲ್ಕಾಗಿತ್ತು. ಅಕ್ಕನಿಂದ ಹೋದ ಮರ್ಯಾದೆಯನ್ನು ವಾಪಸು ತರಬೇಕು ಎನ್ನುವ ಹುರುಪಿನಲ್ಲಿ ಮನುಷ್ಯ ಎದ್ದು ನಿಂತು, ತೋಳು ಮುಂದೆ ಚಾಚಿ, ಚಪ್ಪಾಳೆ ತಟ್ಟಿದರು. ಒಬ್ಬರೇ. ಸಿಮೆಂಟ್ ಚೀಲ ಎಣಿಸಿದ ಕೈ, ಸದ್ದು ಚೆನ್ನಾಗಿಯೇ ಬಂತು. ತಲೆಗಳು ಮತ್ತೆ ತಿರುಗಿದವು, ಮುಂದಿನ ಸಾಲಿನಲ್ಲಿ ಪ್ರೊಫೆಸರ ತಲೆಯೂ ತಿರುಗಿತು. ಅಕ್ಕ ತಮ್ಮನ ಅಂಗಿಯ ಚುಂಗು ಹಿಡಿದು ಎಳೆದು ಕೂಡಿಸಿದರು.

ವಾಪಸು ಬರುವಾಗ ಅಕ್ಕನ ಮೊಣಕಾಲು ನೋಯುತ್ತಿತ್ತೆಂದು ಕ್ಯಾಬ್ ಮಾಡಿದೆವು. ಮಾದಾಪುರದ ಟ್ರಾಫಿಕ್ಕಿನಲ್ಲಿ ಕ್ಯಾಬು ನಿಂತಿತು, ಇವರ ಬಾಯಿ ಹೊರಟಿತು. ತಮ್ಮ ಚಪ್ಪಾಳೆಯ ಸುದ್ದಿಯೇ ಇಲ್ಲ. ಎಲ್ಲ ಅಕ್ಕನ ತಲೆಗೆ.

“ಎಷ್ಟ ಸಲ ಹೇಳಿದ್ನಿ? ಅದೇನು ನಮ್ಮ ಊರಾಗಿನ ಭಜನಿ ಅಂತ ತಿಳ್ಕೊಂಡಿ? ನಿನ್ನಿಂದ ನನಗೂ ಗೊಂದಲಾತು. ನಿನ್ನ ಕರ್ಕೊಂಡ ಬರಬಾರದಿತ್ತು ನೋಡು, ಅದು ನಂದ ತಪ್ಪು.”

ನಾನು “ಸಾಕ್ರಿ ಇನ್ನ” ಅಂದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸುರ ಹಚ್ಚುವುದನ್ನು ಇವರು ಒಂದು ಭಾಗವೆಂದು ಎಣಿಸಿದ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಿ ತಮ್ಮನ ಬಾಯಿ ಮುಚ್ಚಿಸಬಹುದಿತ್ತು. ಹೇಳಲಿಲ್ಲ. ತಾರ್ನಾಕ ಬರುವವರೆಗೂ ಅವರ ಬಾಯಿಂದ ಯಾಲಕ್ಕಿಯ ವಾಸನೆ ಮಾತ್ರ ಬರುತ್ತಿತ್ತು.

ಮುಂದಿನ ಭಾನುವಾರ ಪ್ಲೇಟು ಹಚ್ಚುವ ಹೊತ್ತಿಗೆ ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. “ನನ್ನ ಸಪ್ಪಳ ಬ್ಯಾಡಪಾ ನಿಮಗ” ಅಂದರು, ಅಷ್ಟೇ. ಅದರ ಮುಂದಿನ ವಾರವೂ ಹಾಗೆಯೇ. ಇವರು ಮೊದಲು “ಈಗ ಶಾಂತ ಆತು ನೋಡು” ಎಂದು ಸಮಾಧಾನಪಟ್ಟರು. ನನಗೆ ಸಿಟ್ಟು ಬಂದದ್ದು ಆಗ. ಬೇಕೆಂದೇ ಹತ್ತೂವರೆಗೆ ಸಾಸಿವೆ ಸಿಡಿಸಿದೆ. ಇವರು ಬಂದು ನೋಡಿ, ಅಕ್ಕ ಮೂಲೆಯಲ್ಲಿ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದುದನ್ನು ಕಂಡು, ಹಾಗೇ ತಿರುಗಿ ಹೋದರು.

ಆ ಮೆಂತ್ಯ ಸೋಸುವಾಗಲೇ ಅಕ್ಕ ನನಗೆ ಹೇಳಿದ್ದು. ಇವರ ಅಪ್ಪನಿಗೆ ಕಲಬುರಗಿಯಲ್ಲಿ ಬಟ್ಟೆ ಅಂಗಡಿ ಇತ್ತು. ಅಂಗಡಿಯ ಮೇಲಿನ ಹಾಲಿನಲ್ಲಿ ಹಾಡಿನ ಬೈಠಕ್ ಮಾಡಿಸುತ್ತಿದ್ದರು, ದೂರದೂರದಿಂದ ಗವಾಯಿಗಳು ಬರುತ್ತಿದ್ದರು.

“ಗಂಡಸ್ರು ಮುಂದ. ನಾವು ಹೆಣ್ಮಕ್ಕಳು ಪರದೇ ಹಿಂದ. ಕೆಮ್ಮು ಬಂದ್ರ ಸೆರಗ ಬಾಯಾಗ ತುರುಕೋಬೇಕು. ಈ ನಿನ್ನ ಗಂಡ ಇನ್ನೂ ಚಡ್ಡೀ ಹುಡುಗ, ಅಪ್ಪನ ತೊಡೀಮ್ಯಾಲ ಕುಂತು ಎಲ್ಲಾರ ಕೂಡ ವ್ಹಾ ವ್ಹಾ ಅಂತಿದ್ದ. ಆಂವಗ ಏನ್ ತಿಳೀತಿತ್ತು? ನನಗ ತಿಳೀತಿತ್ತು. ಎಲ್ಲಿ ಅನ್ನಬೇಕು ಅಂತ ಗೊತ್ತಾಗತಿತ್ತು, ಅನ್ನಾಂಗಿದ್ದಿಲ್ಲ. ಎದ್ಯಾಗ ಹಿಡಕೊಂಡು ಕೂಡ್ತಿದ್ನಿ.” ಒಂದು ಹಿಡಿ ಸೊಪ್ಪು ಸೋಸಿ ಮುಗಿಸಿ ಮತ್ತೆ ಅಂದರು: “ಇಲ್ಲಿ ಪರದೇ ಇಲ್ಲ ಅಂತ ತಿಳ್ಕೊಂಡಿದ್ನಿ. ನಾಳೆ ಬಿಟ್ಟು ಬರೂ ಸೋಮವಾರ ನನ್ನ ಗಾಡಿ ಹತ್ತಿಸಿಬಿಡ್ರಿ. ಮಗಾ ಟಿಕೇಟ್ ಮಾಡ್ಯಾನ.”

ಅಕ್ಕ ಒಮ್ಮೆ ಹೀಗೆ ಹೋದರೆ ಮತ್ತೆ ಬರುವವರಲ್ಲ. ಹೋಗುವುದು ಅಕ್ಕನಿಗೂ ಬೇಕಿರಲಿಲ್ಲ, ಅದು ಅವರ ಕೈ ನೋಡಿದರೇ ಗೊತ್ತಾಗುತ್ತಿತ್ತು, ಒಳ್ಳೆ ಸೊಪ್ಪನ್ನೂ ಕಸದ ಕಡೆಗೇ ಹಾಕುತ್ತಿದ್ದರು. ನಾನು ಹೋಗಿ ಇವರಿಗೆ ಎಲ್ಲವನ್ನೂ ಹೇಳಿದೆ. ಪರದೆಯ ಮಾತು ಕೇಳಿ ಎದ್ದುಹೋಗಿ ಕಪಾಟಿನ ಪ್ಲೇಟುಗಳನ್ನು ಸಾಲು ಸರಿಮಾಡಿದರು. ಆಮೇಲೆ “ನಾ ಏನ್ ತಪ್ಪ ಹೇಳೀನಿ?” ಅಂದರು. ಈ ಮನುಷ್ಯ ಕ್ಷಮೆ ಕೇಳಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ. ಕಾಲು ತುಳಿದರೂ “ಕಾಲು ಅಲ್ಯಾಕ ಇಟ್ಟಿದ್ದಿ” ಎನ್ನುತ್ತಾರೆ.

ಆ ಶನಿವಾರ ಅವರು ಪ್ಲೇಟುಗಳನ್ನು ಒರೆಸುವ ಸೇವೆಗೆ ಕುಳಿತಿದ್ದರು. ಮೆತ್ತನೆಯ ಬಟ್ಟೆ, ಎರಡು ಹನಿ ನೀರು, ಗುಂಡಗೆ ಗುಂಡಗೆ ಒರೆಸುವುದು. ಒಮ್ಮೆಲೇ ‘ಕರ್‌ರ್’ ಎಂದು ಸದ್ದಾಯಿತು. ಆಮೇಲೆ “ಅಯ್ಯೋ” ಎಂದು ಕೇಳಿಸಿತು. ಹೋಗಿ ನೋಡಿದರೆ ಅದೇ ‘ವ್ಹಾ’ದ ಪ್ಲೇಟು, ಅದರ ಮೇಲೆ ಉದ್ದಕ್ಕೆ ಒಂದು ಬಿಳಿ ಗೀರು. ಮಾಡಿದ್ದು ಬಳೆಯಲ್ಲ. ನಿವೃತ್ತಿಯ ನಂತರ ಮನಸ್ಸು ಶಾಂತವಾಗಿರಲಿ ಎಂದು ಜ್ಯೋತಿಷಿ ಹಾಕಿಸಿದ ಹವಳದ ಉಂಗುರ. ನಾನು ನನ್ನ ಎರಡೂ ಕೈ ಬಳೆಗಳನ್ನು ಒಮ್ಮೆ ಝಣಝಣ ಅನ್ನಿಸಿ ಹೊರಗೆ ಬಂದೆ.

ಭಾನುವಾರ. ಪ್ರೊಫೆಸರು ಊರಿಗೆ ಹೋಗಿದ್ದರು. ಹೊರಬಾಗಿಲ ಹತ್ತಿರ ಅಕ್ಕನ ಬ್ಯಾಗು ಕಟ್ಟಿ ನಿಂತಿತ್ತು, ಅಕ್ಕ ಅಡುಗೆಮನೆಯಲ್ಲಿ. ಇವರು ಆ ಪ್ಲೇಟನ್ನೇ ಹಚ್ಚಿದರು. ಹಾಡು ಮೇಲೇರಿತು, ತೋರುಬೆರಳು ತಾನಾಗಿ ಎದ್ದಿತು. ಟಕ್ ಎಂದು ಸೂಜಿ ಹಾರಿ ಮುಂದಕ್ಕೆ ಬಿತ್ತು. ಸರಿಯಾಗಿ ‘ವ್ಹಾ’ ಇದ್ದ ಜಾಗವೇ ಹೋಗಿತ್ತು. ಮತ್ತೆ ಹಿಂದಕ್ಕೆ ಇಟ್ಟರು. ಟಕ್. ಸೂಜಿಯ ತಲೆಯ ಮೇಲೆ ಒಂದು ಚಿಲ್ಲರೆ ನಾಣ್ಯ ಭಾರಕ್ಕೆ ಇಟ್ಟು ನೋಡಿದರು. ಟಕ್. ಹಾಡುವವರು ಮೇಲೆ ಹೋಗುವುದು, ಇಳಿಯುವ ಮುಂಚೆ ಮಾಯವಾಗುವುದು, ಬೆರಳು ಗಾಳಿಯಲ್ಲಿ ನಿಲ್ಲುವುದು. ನನಗೆ ನಗು ಬಂತು. ಆಮೇಲೆ ಆ ಬೆರಳು ನೋಡಿ ಪಾಪ ಅನ್ನಿಸಿತು, ಅದೂ ಸುಳ್ಳಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇವರು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

“ಅಕ್ಕಾ, ಸ್ವಲ್ಪ ಹೊರಗ ಬಾ. ಪ್ಲೇಟ್ ಕೆಟ್ಟೈತಿ.”

“ನಾ ಏನ್ ಮೆಕಾನಿಕ್ ಏನು?”

“ಅಲ್ಲಾ, ಅಲ್ಲಿ ಆಂವ ವ್ಹಾ ಅಂತಿದ್ನಲ್ಲಾ, ಆ ಜಾಗಾ ಖಾಲಿ ಬಿದ್ದೈತಿ. ನೀ ಅಷ್ಟ ಅನ್ನು ಬಾ.”

ಅಕ್ಕ ತಮ್ಮನ ಮುಖ ನೋಡಿದರು. ಇವರ ಬಾಯಿಂದ ಇದಕ್ಕಿಂತ ದೊಡ್ಡ ಕ್ಷಮೆ ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕುಳಿತರು. ಇವರು ಸೂಜಿ ಇಟ್ಟರು. ಹಾಡು ಮೇಲೇರಿತು. ಇವರು ಬೆರಳನ್ನು ಅಕ್ಕನ ಕಡೆ ತೋರಿಸಿದರು. ಟಕ್. ಅಕ್ಕ ಬಾಯಿ ಬಿಡಲಿಲ್ಲ.

“ಅನ್ನಲಿಲ್ಲಲ್ಲಾ!”

“ಹುಕುಂ ಮಾಡಿದ್ರ ದಾದ್ ಬರ್ತೈತೇನೋ ತಮ್ಮಾ? ಆ ವ್ಹಾ ಆಂವಂದು. ಆಂವಗ ಅಲ್ಲಿ ಚಂದ ಅನಿಸಿತ್ತು, ಅಂದ. ಸುಮ್ಮನ ಕೇಳು.”

ಇವರು ಹೋಗಿ ಕುರ್ಚಿಯಲ್ಲಿ ಕುಳಿತರು. ಪ್ಲೇಟು ತಿರುಗುತ್ತ ಹೋಯಿತು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಹಾಡು ಮುಕ್ಕಾಲು ದಾಟಿತ್ತು. ಅಲ್ಲಿ ಹಾಡುವವರು ಯಾವ ಜೋರೂ ಇಲ್ಲದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಷ್ಟೇ ದನಿಯಲ್ಲಿ, ಹಳೆಯ ಸಾಲನ್ನೇ ತುಸು ಬೇರೆಯಾಗಿ ತಿರುಗಿಸಿ ಇಟ್ಟರು. ಇಷ್ಟು ದಿನ ಅದನ್ನು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಪ್ಲೇಟಿನೊಳಗಿನ ಆ ಗಂಡಸೂ ಅಲ್ಲಿ ಸುಮ್ಮನೇ ಇದ್ದ.

“ವ್ಹಾ,” ಅಂದರು ಅಕ್ಕ. ಮೆಲ್ಲಗೆ, ಆದರೆ ಪೂರ್ತಿಯಾಗಿ.

ಇವರ ಬೆರಳು ಅಭ್ಯಾಸಬಲದಿಂದ ತುಟಿಯ ಕಡೆ ಹೊರಟು, ಅರ್ಧದಲ್ಲಿ ನಿಂತಿತು. ಸಂಗೀತ ತಿಳಿಯದವಳು ನಾನು, ಆದರೂ ಅಕ್ಕ ಅಂದ ಮೇಲೆ ಆ ಸಾಲಿನಲ್ಲಿ ಏನಿತ್ತೆಂದು ನನಗೂ ಕೇಳಿಸಿತು. ಇವರಿಗೂ ಕೇಳಿಸಿರಬೇಕು. ಎದ್ದು ಓಡಿಹೋಗಿ, ಸೂಜಿ ಎತ್ತಿ, ಸ್ವಲ್ಪ ಹಿಂದಕ್ಕೆ ಇಟ್ಟರು. ಮತ್ತೆ ಆ ಸಾಲು ಬಂತು, ಅದೇ ತಿರುವು, ಅದೇ ದನಿ. ಇವರು ಬೆರಳೆತ್ತಿ ಕಾದರು. ಏನೂ ಇಲ್ಲ, ಸಾಸಿವೆ ಸಿಡಿದಂತೆ ಚಟಪಟ ಮಾತ್ರ. ತಿರುಗಿ ಅಕ್ಕನನ್ನು ನೋಡಿದರು.

“ನಾ ಏನ್ ಪ್ಲೇಟ್ ಏನೋ,” ಅಂದರು ಅಕ್ಕ, “ತಿರುವಿ ಹಚ್ಚಿದ್ರ ಮತ್ತ ಅನ್ನಾಕ? ಅದು ಆಗಿಹೋತು. ಮುಂದ ಬಿಡು.”

ಇವರು ಮುಂದೆ ಬಿಟ್ಟರು. ಆ ಮಗ್ಗುಲು ಮುಗಿದ ಮೇಲೆ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, ಪ್ಲೇಟನ್ನು ಮಗುಚಿ ಹಾಕಿದರು. ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಅಕ್ಕನ ಪಕ್ಕದಲ್ಲಿ ಹೋಗಿ ಕುಳಿತರು. ನಾನು ಕುಕ್ಕರ್ ಇಟ್ಟೆ, ಅದು ಹಾಡಿನ ನಡುವೆಯೇ ಸೀಟಿ ಹೊಡೆಯಿತು, ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಹೊರಬಾಗಿಲ ಹತ್ತಿರ ಹೋಗಿ, ಯಾರನ್ನೂ ಕೇಳದೆ, ಅಕ್ಕನ ಬ್ಯಾಗನ್ನು ಎತ್ತಿಕೊಂಡು ಒಳಗಿನ ಕೋಣೆಯ ಕಡೆ ನಡೆದೆ. ಅಕ್ಕ ತಾಳ ಹಾಕುವುದನ್ನು ನಿಲ್ಲಿಸದೆ ನನ್ನನ್ನು ಕರೆದರು.

“ಏನವಾ, ಮಂಚದ ಕೆಳಗ ದೂಡೂಕಿಂತ ಮೊದಲ ಅದರಾಗಿನ ಯಾಲಕ್ಕಿ ಡಬ್ಬಿ ತೆಗದು ಕೊಡು.”